‘ಬ’ಕಾರದ ಬಡ್ತಿ

ಬುನ್‌ರುವಾನ್ ಬುಧವಾರ ರಾತ್ರಿ ಹುಟ್ಟಿದ್ದೇ ತಪ್ಪಾಯಿತು. ಸೊಂಗ್ಖ್ಲಾ ಪಟ್ಟಣದ ಮೀನುಡಬ್ಬಿ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಆಕೆ ರಫ್ತು ವಿಭಾಗದ ಉಪಮುಖ್ಯಸ್ಥೆ. ನಾಲ್ವರು ಗಂಡಸರು ಮುಖ್ಯಸ್ಥರಾಗಿ ಬಂದರು, ಆಕೆಯಿಂದಲೇ ಕೆಲಸ ಕಲಿತರು, ಮೇಲೆ ಹೋದರು. ಆಕೆ ಮೆಟ್ಟಿಲಿನ ಹಾಗೆ ಇದ್ದಲ್ಲೇ ಇದ್ದಳು. ಈಗ ಐದನೆಯ ಸಲ ಕುರ್ಚಿ ಖಾಲಿಯಾಗಿತ್ತು.

“ಅಕ್ಕಾ, ಬುಧವಾರ ರಾತ್ರಿ ಹುಟ್ಟಿದೋರಿಗೆ ಹೆಸರಲ್ಲಿ ‘ಬ’ ಅಕ್ಷರ ಆಗಿಬರಲ್ಲ,” ಎಂದಿದ್ದಳು ಪಕ್ಕದ ಮೇಜಿನ ಲಮೈ. “ಸಾಲದ್ದಕ್ಕೆ ರುವಾನ್ ಅಂದ್ರೆ ಮನೆ. ಮನೆ ಎಲ್ಲಾದ್ರೂ ಮೇಲಕ್ಕೆ ಹೋಗುತ್ತಾ? ಹೆಸರು ಬದಲಾಯಿಸಿ!”

“ಆ ನಾಲ್ಕು ಜನ ಬದಲಾಯಿಸಲಿಲ್ಲವಲ್ಲೇ?”

“ಗಂಡಸರಿಗೆ ಯಾವ ಅಕ್ಷರ ಆದ್ರೂ ಆಗಿಬರುತ್ತೆ ಬಿಡಿ.”

ವಿಹಾರದ ಭಿಕ್ಷುಗಳು ‘ವಿಚಯಾ’ ಎಂದು ಆರಿಸಿಕೊಟ್ಟರು; ಗೆಲುವು ಎಂದರ್ಥ. ಈ ಬೆಳಿಗ್ಗೆ ಎಂಟೂವರೆಗೆ ತಾಲ್ಲೂಕು ಕಚೇರಿಯಲ್ಲಿ ಹೆಸರು ಬದಲಾಯಿತು. ಹೊಸ ಗುರುತಿನ ಚೀಟಿ ಹಿಡಿದು ಮದುವಣಗಿತ್ತಿಯಂತೆ ಕಾರ್ಖಾನೆಗೆ ಬಂದರೆ, ನೋಟಿಸ್ ಬೋರ್ಡಿನಲ್ಲಿ ಆಗಲೇ ಆದೇಶ: ‘ಬುನ್‌ರುವಾನ್ ಅವರನ್ನು ಮುಖ್ಯಸ್ಥೆಯನ್ನಾಗಿ ನೇಮಿಸಲಾಗಿದೆ.’

ಸಿಬ್ಬಂದಿ ವಿಭಾಗದ ಪ್ರಚುಬ್ ಚೀಟಿ ನೋಡಿ ಕನ್ನಡಕ ಒರೆಸಿಕೊಂಡ. “ಈ ವಿಚಯಾ ಯಾರಕ್ಕಾ?”

“ನಾನೇ ಕಣೋ ತಮ್ಮಾ!”

“ಮುಖವೇನೋ ನಿಮ್ಮದೇ. ಆದ್ರೆ ಮುಖಕ್ಕೆ ಬಡ್ತಿ ಕೊಡೋಕಾಗಲ್ಲ. ವಿಚಯಾ ಅಂತ ಲೆಕ್ಕ ಹಿಡಿದ್ರೆ ನಿಮ್ಮ ಅನುಭವ ಎರಡೂವರೆ ಗಂಟೆ! ಮೂರಕ್ಕೆ ದೊಡ್ಡ ಸಾಹೇಬರು ಬ್ಯಾಂಕಾಕ್‌ಗೆ ಹೊರಡ್ತಾರೆ. ಅಷ್ಟರಲ್ಲಿ ಆದೇಶಕ್ಕೂ ಚೀಟಿಗೂ ತಾಳೆಯಾಗದಿದ್ರೆ ಕುರ್ಚಿ ಕೈತಪ್ಪಿದಂಗೆ.”

ಬಾಡಿಗೆ ಮೋಟರ್‌ಸೈಕಲ್ ಹಿಂದೆ ಅಡ್ಡಡ್ಡ ಕೂತು ಆಕೆ ಮತ್ತೆ ತಾಲ್ಲೂಕು ಕಚೇರಿಗೆ ಹಾರಿದಳು.

“ಬೆಳಿಗ್ಗೆ ಕೊಟ್ಟ ಹೆಸರು ಮಧ್ಯಾಹ್ನಕ್ಕೇ ಹಳಸಿತಾ?” ಎಂದ ಅಧಿಕಾರಿ, ಊಟ ಮುಗಿಸಿ, ಹಲ್ಲು ಕಡ್ಡಿ ಎಸೆದು, ಹಳೆಯ ಹೆಸರು ವಾಪಸು ಕೊಟ್ಟ. “ಇನ್ನೊಂದು ಸಲ ಬಂದ್ರೆ ಬರೀ ನಂಬರ್ ಕೊಡ್ತೀನಿ, ಹೆಸರು ಕೊಡಲ್ಲ!”

ಮೂರು ಹೊಡೆದು ಐದು ನಿಮಿಷಕ್ಕೆ ಆಕೆ ಬಲೆಯಿಂದ ಬಿದ್ದ ಮೀನಿನಂತೆ ಬಾಯಿ ಬಿಡುತ್ತ ಬಂದಳು. ಪ್ರಚುಬ್ ಎದ್ದುನಿಂತು ಕೈಮುಗಿದ. ಮುಖದಲ್ಲಿ ಪುಣ್ಯ ಮಾಡಿದ ಕಳೆ.

“ಎಲ್ಲಿ ಹೋಗಿದ್ರಕ್ಕಾ? ನಿಮ್ಮ ಕಷ್ಟ ನೋಡಲಾರದೆ ಸಾಹೇಬರ ಕಾಲು ಹಿಡಿದು ಆದೇಶಾನೇ ತಿದ್ದಿಸಿದೆ. ಈಗ ‘ವಿಚಯಾ’ ಅಂತಲೇ ಇದೆ! ರುಜು ಹಾಕಿ ಹೊರಟೂ ಹೋದ್ರು. ತನ್ನಿ ಚೀಟಿ.”

ಆಕೆ ಚೀಟಿ ಚಾಚಿದಳು. ಪ್ರಚುಬ್ ಓದಿದ. ಇನ್ನೊಮ್ಮೆ ಓದಿದ.

“ಮತ್ತೆ ತಿದ್ದಿಸೋ!”

“ಒಂದೇ ಆದೇಶ ಎರಡು ಸಲ ತಿದ್ದಿದ್ರೆ ನನ್ನ ಕೆಲಸ ಹೋಗುತ್ತೆ.” ಅವನು ತಲೆ ಕೆರೆದುಕೊಂಡ, ಆಮೇಲೆ ಮುಖ ಅರಳಿತು. “ವಿಚಯಾ ರಜೆ ಮೇಲಿದ್ದಾರೆ ಅಂತ ಬರೀತೀನಿ. ಅವರು ಬರೋವರೆಗೆ ನಮ್ಮ ಹೊಸ ಹುಡುಗ ವಿರುತ್ ಆ ಕುರ್ಚಿಲಿ ಕೂತಿರ್ತಾನೆ.”

“ಇಲ್ಲದ ಹೆಂಗಸಿಗೆ ಎಂಥಾ ರಜೆಯೋ?”

“ಹೆರಿಗೆ ರಜೆ ಅಕ್ಕಾ. ಯಾರೂ ಅನುಮಾನ ಪಡಲ್ಲ.”