ಕೊಳವೆಯೊಳಗಿನ ಸಾಮಾನು

ಕಾಲೇಜಿನ ಪ್ರಯೋಗಾಲಯದ ಅಟೆಂಡರಿಗೆ ಅಂದು ನೌಕರಿಯ ಕೊನೆಯ ದಿನ. ದಾಸ್ತಾನು ಪುಸ್ತಕದಲ್ಲಿದ್ದ ಪ್ರತಿ ಸಾಮಾನನ್ನೂ ತಪಾಸಣೆಯ ಅಧಿಕಾರಿಗೆ ತೋರಿಸಿದರೆ ಬಿಡುಗಡೆ ಪತ್ರ, ಅದರ ಬೆನ್ನಿಗೇ ಪಿಂಚಣಿ. ಮೊಣಕಾಲು ಸೋತಿದ್ದವು. ಮನೆಯಲ್ಲಿ ಹೆಂಡತಿ ಅವನಿಗಾಗಿ ಕಿಟಕಿಯ ಬಳಿ ಕುರ್ಚಿ ಹಾಕಿಟ್ಟಿದ್ದಳು.

ಬೀಕರು, ತಕ್ಕಡಿ, ಮಸೂರ ಎಲ್ಲವೂ ಸರಾಗವಾಗಿ ಸಿಕ್ಕವು. ನೂರ ಹನ್ನೆರಡನೆಯ ಸಾಲಿನಲ್ಲಿ ಅಧಿಕಾರಿಯ ಪೆನ್ನು ನಿಂತಿತು.

“ಗಾಜಿನ ಕೊಳವೆ, ಒಂದು. ಸರಿ. ಒಳಗಿನ ವಸ್ತು, ಎಲೆಕ್ಟ್ರಾನು. ಎಲ್ಲಿದೆ? ತೋರಿಸಿ.”

ಅಟೆಂಡರ್ ಪುಸ್ತಕದತ್ತ ಬಗ್ಗಿ ನೋಡಿದ. ಮೂವತ್ತು ವರ್ಷದ ಹಿಂದಿನ ಆ ಬರಹ ಅವನದೇ. ಡಬ್ಬಿ, ಸೀಸೆ ಏನೇ ಬರಲಿ, ಒಳಗಿರುವುದನ್ನೂ ಬರೆಯಬೇಕೆಂಬುದು ಉಗ್ರಾಣದ ನಿಯಮ. ಕೊಳವೆಯೊಳಗೆ ಏನಿದೆಯೆಂದು ಅಂದಿನ ಮೇಷ್ಟ್ರನ್ನು ಕೇಳಿ, ಅವರು ಹೇಳಿದ್ದನ್ನು ದುಂಡಗೆ ಬರೆದಿದ್ದ. ಹೊಸ ನೌಕರಿಯ ಉತ್ಸಾಹ, ಪಾಪ.

“ಅದು ಕಣ್ಣಿಗೆ ಕಾಣಲ್ಲ ಸಾರ್.”

“ಕಾಣದ್ದನ್ನ ಹೇಗ್ರೀ ದಾಸ್ತಾನಿಗೆ ತಗೊಂಡ್ರಿ?” ಅಧಿಕಾರಿ ಕೊಳವೆಯನ್ನು ಔಷಧಿ ಸೀಸೆಯಂತೆ ಅಲುಗಾಡಿಸಿ ಕಿವಿಗಿಟ್ಟುಕೊಂಡರು.

ಪಕ್ಕದ ಕೋಣೆಯಿಂದ ತತ್ತ್ವಶಾಸ್ತ್ರದ ಮೇಡಂ ಕರೆಯದೆಯೇ ಬಂದರು. “ಎಲೆಕ್ಟ್ರಾನನ್ನ ಯಾರೂ ನೋಡಿಲ್ಲ. ವಿವರಿಸೋಕೆ ಅನುಕೂಲ ಅಂತ ಕಟ್ಕೊಂಡ ಮಾತು ಅಂತಾನೂ ಹೇಳಬಹುದು,” ಎಂದು ಉಪಕಾರ ಮಾಡಿದರು. ಅಧಿಕಾರಿ ‘ಸುಳ್ಳು ದಾಖಲೆ’ ಎಂದು ಬರೆಯತೊಡಗಿದರು.

ಅಟೆಂಡರ್ ಕುಂಟುತ್ತ ಓಡಿ ಭೌತಶಾಸ್ತ್ರದ ಈಗಿನ ಮೇಷ್ಟ್ರನ್ನು ಎಳೆತಂದ. ಅವರು ಕೊಳವೆಗೆ ವಿದ್ಯುತ್ ಹರಿಸಿದರು. ಗಾಜಿನ ಮೇಲೆ ಹಸಿರು ಬೆಳಕು ಮೂಡಿತು. ಅಯಸ್ಕಾಂತ ಹಿಡಿದರೆ ಪಕ್ಕಕ್ಕೆ ಸರಿಯಿತು.

“ಇದು ಎಲೆಕ್ಟ್ರಾನಲ್ಲ, ಅದರ ಗುರುತು. ಗುರುತು ಬಿದ್ದ ಮೇಲೆ ವಸ್ತು ಇರಲೇಬೇಕಲ್ಲ?”

“ಗುರುತೇ ಬೀಳದಿದ್ರೆ?” ಮೇಡಂ ಬಿಡಲಿಲ್ಲ.

“ಆಗ ಇಲ್ಲ ಅಂತ ಬರೀತೀನಿ,” ಎಂದರು ಅಧಿಕಾರಿ. “ಕಚೇರಿಗೆ ಒಪ್ಪೋ ಮಾತು.” ‘ಸುಳ್ಳು ದಾಖಲೆ’ ಎಂಬುದನ್ನು ಹೊಡೆದುಹಾಕಿ ‘ಇದೆ’ ಎಂದು ಬರೆದರು.

ಅಟೆಂಡರಿಗೆ ಸಂತೋಷಕ್ಕೆ ಅಳುವೇ ಬಂತು. ಅಧಿಕಾರಿ ಚೀಲದಿಂದ ಪುಟ್ಟ ಯಂತ್ರ ತೆಗೆದರು. “ಹೆಬ್ಬೆಟ್ಟು ಒತ್ತಿ. ಬಿಡುಗಡೆ ಪತ್ರ ಬರುತ್ತೆ.”

ಒತ್ತಿದ. ಕೆಂಪು ದೀಪ. ಇನ್ನೊಂದು ಹೆಬ್ಬೆಟ್ಟು, ಆಮೇಲೆ ಹತ್ತೂ ಬೆರಳು. ಮೂವತ್ತು ವರ್ಷ ಆಸಿಡ್ ಸೀಸೆ ತೊಳೆದ ಬೆರಳುಗಳಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ.

“ನಿಮ್ಮ ಎದುರಿಗೇ ನಿಂತಿದೀನಲ್ಲ ಸಾರ್. ಕಾಣ್ತಿದೀನಲ್ಲ.”

“ಕಾಣ್ತೀರಿ,” ಎಂದರು ಅಧಿಕಾರಿ, ನಿಜವಾದ ಮರುಕದಿಂದ. “ಆದ್ರೆ ಗುರುತು ಬೀಳ್ಲಿಲ್ಲವಲ್ಲ,” ಎಂದು ಮೇಷ್ಟ್ರ ಕಡೆ ನೋಡಿದರು. ಎಲೆಕ್ಟ್ರಾನಿನ ಕೆಳಗಿನ ಖಾಲಿ ಸಾಲಿನಲ್ಲಿ ಅಧಿಕಾರಿ ‘ಅಟೆಂಡರ್: ಇಲ್ಲ’ ಎಂದು ಬರೆದು ಸಹಿ ಹಾಕಿದರು.