ಕತ್ತರಿ ತರಲು ಹೋದ ಕಾರ್ಯದರ್ಶಿಗಳು

"ರಿಬ್ಬನ್ ಏನೋ ಕಟ್ಟಿದ್ದೀರಿ. ಕತ್ತರಿ ಎಲ್ರೀ, ಕಾರ್ಯದರ್ಶಿಗಳೇ?" ಎಂದು ಕೇಳಿದರು ಹೆಡ್‌ಮಿಸ್.

ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾಗಿದ್ದ ಅವರು ಈಗ ಬೀದಿಯ ಸುರಕ್ಷತಾ ಸಮಿತಿಯ ಅಧ್ಯಕ್ಷೆ. ಕಾರ್ಯದರ್ಶಿಗಳು ಜೇಬು ತಡವಿಕೊಂಡರು. ಮೂರು ಹಾಳೆ ಭಾಷಣ ಸಿಕ್ಕಿತು, ಕತ್ತರಿ ಸಿಗಲಿಲ್ಲ.

"ಎರಡೇ ನಿಮಿಷ ಮಿಸ್, ಬಂದೆ!" ಎಂದು ಸ್ಕೂಟರ್ ಹತ್ತಿದರು. ಅವರ ಮನೆ ಬೀದಿಯ ಇನ್ನೊಂದು ತುದಿಯಲ್ಲಿತ್ತು.

ಆ ಬೀದಿಗೆ ಗಂಟೆಗೆ ಮೂವತ್ತು ಕಿಲೋಮೀಟರಿನ ವೇಗಮಿತಿ ಬಂದದ್ದೇ ಕಾರ್ಯದರ್ಶಿಗಳಿಂದ. ನಗರಸಭೆಯ ರಸ್ತೆ ವಿಭಾಗದಲ್ಲಿ ಗುಮಾಸ್ತರಾಗಿದ್ದ ಅವರು ಎರಡು ವರ್ಷ ಫೈಲಿನ ಬೆನ್ನು ಹತ್ತಿ ಅದನ್ನು ಮಂಜೂರು ಮಾಡಿಸಿದ್ದರು. ಸಮಿತಿಯ ನಿಯಮ ಬರೆದವರೂ ಅವರೇ. ಮೂವತ್ತು ದಾಟಿದವರು ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು, 'ನಾನು ಅವಸರ ಮಾಡಿದೆ' ಎಂಬ ಫಲಕ ಹಿಡಿದು ಒಂದು ಸಂಜೆ ಬೀದಿಯಲ್ಲಿ ನಿಲ್ಲಬೇಕು. ಐವತ್ತು ದಾಟಿದರೆ ಒಂದು ವಾರ. ಹೋದ ತಿಂಗಳು ಅವರು ಕಚೇರಿಯ ವೇಗ ಅಳೆಯುವ ಗನ್ನು ತಂದು, ಬೇಲಿಯ ಮರೆಯಲ್ಲಿ ಬೆಕ್ಕಿನ ಹಾಗೆ ಹೊಂಚು ಹಾಕಿ, ಹಾಲಿನವನನ್ನು ಮೂವತ್ನಾಲ್ಕಕ್ಕೆ ಹಿಡಿದು, ಒಂದು ಸಂಜೆ ಫಲಕ ಕೊಟ್ಟು ನಿಲ್ಲಿಸಿದ್ದರು.

ಇವತ್ತು ವೇಗ ತೋರಿಸುವ ಹೊಸ ಬೋರ್ಡಿನ ಉದ್ಘಾಟನೆ. ಮಿತಿಯೊಳಗೆ ಬಂದರೆ ಹಸಿರು ನಗುಮುಖ, ಮೀರಿದರೆ ಕೆಂಪು ಸಿಡುಕುಮುಖ.

ಕತ್ತರಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕಾರ್ಯದರ್ಶಿಗಳು ಬಾಣದಂತೆ ವಾಪಸು ಬಂದರು. ಬೋರ್ಡು ಕಣ್ಣು ಬಿಟ್ಟಿತು. ನಲವತ್ತೊಂದು! ಪಕ್ಕದಲ್ಲಿ ಬುಟ್ಟಿಯಗಲದ ಕೆಂಪು ಮುಖ.

ಇಡೀ ಬೀದಿ ಸೇರಿತ್ತು. ಹಿಂದಿನಿಂದ ಯಾರೋ ಕಿಸಕ್ಕೆಂದರು.

"ಬೋರ್ಡು ಕೆಟ್ಟಿದೆ," ಎಂದರು ಕಾರ್ಯದರ್ಶಿಗಳು. ಬಾಯಲ್ಲಿ ಕತ್ತರಿ ಇದ್ದದ್ದರಿಂದ ಅದನ್ನು ಎರಡು ಸಲ ಹೇಳಬೇಕಾಯಿತು.

"ಸ್ಕೂಟರಿನ ಮೀಟರ್ ಎಷ್ಟು ತೋರಿಸ್ತು ಸಾರ್?" ಹಾಲಿನವನು ವಿನಯವಾಗಿಯೇ ಕೇಳಿದ.

ಹೆಡ್‌ಮಿಸ್ ಬಗ್ಗಿ ನೋಡಿದರು. ಮುಳ್ಳು ಸೊನ್ನೆಯ ಮೇಲೆ ಹಾಯಾಗಿ ಮಲಗಿತ್ತು.

"ಅದು ಕೆಟ್ಟು ಎರಡು ವರ್ಷ ಆಯ್ತು," ಎಂದರು ಕಾರ್ಯದರ್ಶಿಗಳ ಹೆಂಡತಿ. ಸುಳ್ಳು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ. ಆಮೇಲೆ ಗಂಡನ ತೋಳು ಜಗ್ಗಿ ಪಿಸುಗುಟ್ಟಿದರು, "ರೀ, ಒಂದು ಸಂಜೆ ತಾನೇ? ಸುಮ್ನೆ ನಿಂತ್ಬಿಡಿ. ನಾಳೆಗೆ ಎಲ್ರೂ ಮರೀತಾರೆ."

"ನಾನಾ? ಫಲಕ ಹಿಡ್ಕೊಂಡಾ?" ಕಾರ್ಯದರ್ಶಿಗಳ ಕಿವಿಗಳು ಬೋರ್ಡಿಗಿಂತ ಕೆಂಪಾಗಿದ್ದವು. ಅಲ್ಲೇ ಸಮಿತಿಯ ಪುಸ್ತಕ ತೆರೆದು ಠರಾವು ಗೀಚಿದರು: 'ಬೋರ್ಡನ್ನು ಪರೀಕ್ಷಿಸಿ, ಅದರ ತಪ್ಪನ್ನು ಸರಿಪಡಿಸಿದ ಮೇಲೆ ಬರುವ ನಿಜವಾದ ವೇಗಕ್ಕೇ ಶಿಕ್ಷೆ.' ಸಹಿ ಹಾಕಿದರು, ಎಲ್ಲರಿಂದಲೂ ಹಾಕಿಸಿದರು. ಕಚೇರಿಗೆ ಫೋನ್ ಮಾಡಿ ರಿಪೇರಿಯವನನ್ನು ಕರೆಸಿದರು.

ಮಧ್ಯಾಹ್ನ ರಿಪೇರಿಯವನು ಏಣಿ ಹಾಕಿದ. ಊಟ ಬಿಟ್ಟು ಬೀದಿಯೆಲ್ಲ ಕತ್ತೆತ್ತಿ ನಿಂತಿತು. ಅವನು ಏನೇನೋ ತಿರುಗಿಸಿ, ಹಾಲಿನವನ ವ್ಯಾನನ್ನು ನಾಲ್ಕು ಸಲ ಓಡಿಸಿ ನೋಡಿ, ಏಣಿಯಿಂದ ಇಳಿದ.

"ಸಾರ್ ಹೇಳಿದ್ದು ನಿಜ. ಬೋರ್ಡು ಕೆಟ್ಟಿದೆ."

"ನೋಡಿದ್ರಾ!" ಕಾರ್ಯದರ್ಶಿಗಳು ಕುಣಿಯುವುದೊಂದು ಬಾಕಿ. "ಎಷ್ಟು ತಪ್ಪು?"

"ಸರಿಯಾಗಿ ಹನ್ನೆರಡು."

"ನಲವತ್ತೊಂದರಲ್ಲಿ ಹನ್ನೆರಡು ಕಳೆದ್ರೆ ಇಪ್ಪತ್ತೊಂಬತ್ತು! ಮೂವತ್ತರೊಳಗೆ! ಮಿಸ್, ಬರ್ಕೊಳ್ಳಿ, ಇಪ್ಪತ್ತೊಂಬತ್ತು!"

ರಿಪೇರಿಯವನು ತಲೆ ಕೆರೆದುಕೊಂಡ. "ಕಳೆಯೋದಲ್ಲ ಸಾರ್, ಕೂಡ್ಬೇಕು. ಅದು ಹನ್ನೆರಡು ಕಮ್ಮಿ ತೋರಿಸ್ತಿತ್ತು."

ಹೆಡ್‌ಮಿಸ್‌ಗೆ ಕಾಗದ ಬೇಕಾಗಲಿಲ್ಲ. "ಐವತ್ಮೂರು," ಎಂದರು. ಪುಸ್ತಕದಲ್ಲಿ ಬರೆದು, ಕನ್ನಡಕದ ಮೇಲಿಂದ ನೋಡಿದರು. "ಒಂದು ವಾರ."

ಕಾರ್ಯದರ್ಶಿಗಳು ಹೆಂಡತಿಯ ಕಡೆ ನೋಡಿದರು. ಅವರು ಕತ್ತರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೊರಟಿದ್ದರು. ರಿಬ್ಬನ್ನು ಇನ್ನೂ ಹಾಗೇ ಇತ್ತು.

ಸಂಜೆ ಹಾಲಿನವನೇ ಜಾಕೆಟ್ಟು ತಂದ. "ಮೇಲಿನ ಗುಂಡಿ ಕಿತ್ತೋಗಿದೆ ಸಾರ್, ಪಿನ್ ಹಾಕ್ತೀನಿ, ಅಲ್ಲಾಡ್ಬೇಡಿ. ಮೊದಲ್ನೇ ಅರ್ಧ ಗಂಟೆ ಕಷ್ಟ. ಯಾರ ಮುಖಾನೂ ನೋಡ್ಬೇಡಿ. ಎದುರಿಗಿನ ಗೋಡೆ ನೋಡ್ತಿರಿ."

ಈ ಮನುಷ್ಯ ಒಂದು ಸಲ ನಕ್ಕಿದ್ದರೂ ಸಾಕಿತ್ತು ಎನ್ನಿಸಿತು ಕಾರ್ಯದರ್ಶಿಗಳಿಗೆ. "ನೀನೂ ಅವತ್ತು ಗೋಡೆ ನೋಡ್ತಿದ್ಯೇನಪ್ಪಾ?"

"ಇಲ್ಲ ಸಾರ್. ನಿಮ್ಮ ಮನೆ ಕಿಟಕಿ ನೋಡ್ತಿದ್ದೆ. ನೀವು ಅಲ್ಲಿ ಗಡಿಯಾರ ಹಿಡ್ಕೊಂಡು ನಿಂತಿದ್ರಿ."

ಕಾರ್ಯದರ್ಶಿಗಳು ಫಲಕವನ್ನು ಎದೆಗೆ ಅವುಚಿಕೊಂಡು, ತಲೆ ತಗ್ಗಿಸಿ, ಕಾಲೆಳೆಯುತ್ತ ತಮ್ಮ ಜಾಗದ ಕಡೆ ನಡೆದರು. ರಿಪೇರಿಯಾಗಿದ್ದ ಬೋರ್ಡು ಪಟ್ಟನೆ ಹೊತ್ತಿಕೊಂಡಿತು. ಮೂರು ಎಂಬ ಅಂಕಿ, ಪಕ್ಕದಲ್ಲಿ ದೊಡ್ಡ ಹಸಿರು ನಗುಮುಖ.