ಗೌರಕ್ಕನ ಪಥ್ಯ

ಕಮರಿಪೇಟೆಯ ಕಾಳಿನ ವ್ಯಾಪಾರಿ ಗುರುಶಿದ್ದಪ್ಪ ಒಂದು ಹಿಡಿ ಅವಲಕ್ಕಿ ಹೆಚ್ಚಿಗೆ ತಿಂದರೂ ಹೆಂಡತಿ ಗೌರಕ್ಕನ ಎದೆ ಹೊಡೆದುಕೊಳ್ಳುತ್ತಿತ್ತು. (ರೋಗ ಅವನ ಹೃದಯಕ್ಕೆ, ಬಡಿತ ಇವಳದ್ದು.) "ಮೈ ಭಾರಾದಷ್ಟೂ ಹೃದಯ ದಣೀತೈತಿ, ತೂಕ ಇಳಸ್ರಿ" ಎಂದು ಡಾಕ್ಟರ್ ನಾಗರತ್ನಾ ಹೇಳಿದಂದಿನಿಂದ ಎಣ್ಣೆ, ತುಪ್ಪ, ಬೆಲ್ಲಗಳಿಗೆ ಆ ಮನೆಯಿಂದ ಗಡೀಪಾರು.

ತೂಕ ಇಳಿಯಿತು. ಆಮೇಲೆ ಒಂದೇ ವಾರದಲ್ಲಿ ಸರ್ರನೆ ಏರಿತು.

"ಖರೇ ಹೇಳ್ರಿ, ಎಲ್ಲೆ ಭಜಿ ತಿಂದ್ರಿ?"

"ಅದರ ವಾಸನಿನೂ ತಗೊಂಡಿಲ್ಲ ಮಾರಾಯ್ತಿ."

ಸಂಜೆ ಗುರುಶಿದ್ದಪ್ಪ ಮೆಟ್ಟಿಲ ನಡುವೆ ನಿಂತು ಏದುಸಿರು ಬಿಟ್ಟಾಗ ಗೌರಕ್ಕ ಹೆದರಿದಳು. ಹೆದರಿಕೆಯಾದರೆ ಅವಳಿಗೆ ಬರುವುದು ಸಿಟ್ಟೇ. ನೆಟ್ಟಗೆ ಅಂಗಡಿಯೆದುರಿನ ಮಿರ್ಚಿ ಭಜಿ ಗಾಡಿಗೆ ಹೋದಳು.

"ಇಮಾಮಹುಸೇನ, ನಮ್ಮವರಿಗೆ ಕದ್ದು ಮಿರ್ಚಿ ಕೊಡಾಕತ್ತೀ ಏನಪಾ?"

"ಇಲ್ರಿ ಅಕ್ಕಾರ. ಸಾವಕಾರ್ರು ಈ ಕಡಿ ಮಾರಿನೂ ಹೊಳ್ಳಸೂದಿಲ್ಲ."

ಇಬ್ಬರೂ ಒಂದಾಗಿದ್ದಾರೆ ಎಂದುಕೊಂಡಳು. ಡಾಕ್ಟರಿಂದಲೇ ಬೈಸಬೇಕೆಂದು ಮರುದಿನ ಗಂಡನನ್ನು ಆಟೋದಲ್ಲಿ ಹೇರಿಕೊಂಡು ಹೋದಳು.

ಡಾಕ್ಟರು ಅವನ ಪಾದದ ಮೇಲೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು.

"ಇದು ಭಜಿ ತೂಕ ಅಲ್ರಿ, ನೀರು. ಹೃದಯಕ್ಕ ಶಕ್ತಿ ಸಾಲದಾಗ ಮೈಯಾಗ ನೀರು ನಿಲ್ಲತೈತಿ. ಮೊದಲ ಭಾರದ ಮೈ, ಅದರ ಮ್ಯಾಲೆ ಇದು. ಲಗೂ ಬಂದದ್ದು ಛಲೋ ಆತು. ತಡಾ ಮಾಡಿದ್ರ ಉಸರಾಟಕ್ಕ ಭಾಳ ತ್ರಾಸ ಆಗ್ತಿತ್ತು."

ಆಮೇಲೆ ಗೌರಕ್ಕನನ್ನು ಕೇಳಿದರು.

"ಊಟಕ್ಕ ಏನ ಕೊಡ್ತೀರಿ?"

ಈ ಪ್ರಶ್ನೆಗಾದರೂ ಅವಳು ಅಂಜಬೇಕಿರಲಿಲ್ಲ. "ಎಣ್ಣಿ ಮುಟ್ಟಸಿಲ್ರಿ. ರೊಟ್ಟಿ, ಕುದಿಸಿದ ಪಲ್ಯ. ಸಪ್ಪನ್ನ ಊಟ ಗಂಟಲದಾಗ ಇಳಿಯೂದಿಲ್ಲ ಅಂತ ಲಿಂಬಿಕಾಯಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಮ್ಯಾಲೆ ಉಪ್ಪು ಹಾಕಿದ ಮಜ್ಜಿಗಿ, ತಂಬಗಿ ತುಂಬ."

ಡಾಕ್ಟರು ಪೆನ್ನು ಕೆಳಗಿಟ್ಟರು. "ನೀರು ಹಿಡದಿಟ್ಟದ್ದು ಆ ಉಪ್ಪರಿ."

ಗೌರಕ್ಕ ನೆಲ ನೋಡಿದಳು. ವಾರವಿಡೀ ಕಳ್ಳನೆನಿಸಿಕೊಂಡ ಗಂಡ ಈಗ ಬಿಡುತ್ತಾನೆಯೇ ಎಂದು ಕಾದಳು. ಅವನು ಅವಳ ಕೈ ಹಿಡಿದುಕೊಂಡು ಡಾಕ್ಟರ ಕಡೆ ತಿರುಗಿದ.

"ಆಕಿಗೆ ಏನೂ ಅನಬ್ಯಾಡ್ರಿ ಬಾಯಾರ. ಇಷ್ಟು ದಿನದಾಗ ಆಕಿ ಬಡಿಸಿದ್ದರಾಗ ರುಚಿ ಇದ್ದದ್ದು ಆ ಉಪ್ಪಿನಕಾಯಿ ಒಂದ."